ಪಕ್ಕದ ಬಡಾವಣೆಯ ಮಂಜೂರಾತಿಯನ್ನು ಪ್ರಶ್ನಿಸುವ ಹಕ್ಕು ಯಾರಿಗಿದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ವಕೀಲಿ ಮಾಡುವ ನನ್ನ ಬಳಿಗೆ ಜೇವರ್ಗಿ ರಸ್ತೆ, ಸೇಡಂ ರಸ್ತೆ, ಆಳಂದ ರಸ್ತೆಗಳ ಕಾಲೊನಿಯವರು, ಬೀದರ ಮತ್ತು ಯಾದಗಿರಿಯಿಂದ ಹೈಕೋರ್ಟ್ ಪೀಠಕ್ಕೆ ಬರುವವರು ತರುವ ಪ್ರಶ್ನೆಗಳು ವರ್ಷದಿಂದ ವರ್ಷಕ್ಕೆ ಅಷ್ಟೇನೂ ಬದಲಾಗುವುದಿಲ್ಲ. ಪಕ್ಕದ ಹೊಲ ಲೇಔಟ್ ಆಗುತ್ತದೆ, ಲೇಔಟಿನ ಮೂಲೆಯಲ್ಲಿ ಬಹುಮಹಡಿ ಕಟ್ಟಡ ಏಳುತ್ತದೆ, ಅದಕ್ಕೆ ಮಂಜೂರಾತಿ ಕೊಟ್ಟವರನ್ನು ಕೇಳುವ ಹಕ್ಕು ನಮಗಿದೆಯೇ ಎಂಬುದು ಎಲ್ಲದರ ತಳದಲ್ಲಿರುವ ಪ್ರಶ್ನೆ. ಹಕ್ಕು ಬಹುಮಟ್ಟಿಗೆ ಇದೆ. ನಾನು ಕಂಡಂತೆ ಜನ ಹಕ್ಕಿಲ್ಲದೆ ಸೋಲುವುದು ಕಡಿಮೆ. ತಡವಾಗಿ ಬಂದು, ಕೈಯಲ್ಲಿ ಕಾಗದವಿಲ್ಲದೆ ಬಂದು ಸೋಲುವುದೇ ಹೆಚ್ಚು. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಆರಂಭದಲ್ಲಿ ಕೇಳುವವು

ನಮ್ಮ ಮನಿ ಹಿಂದ ದೊಡ್ಡ ಅಪಾರ್ಟ್‌ಮೆಂಟ್ ಏಳಲತ್ತದ. ಜಾಗ ನಂದಲ್ಲ. ಆದ್ರೂ ಕೋರ್ಟಿಗಿ ಹೋಗ್ಲಿಕ್ಕಿ ಬರ್ತದೇನ್ರಿ?

ಬರುತ್ತದೆ. ಈ ಮಾತಿಗೆ ಆಧಾರವಾಗಿರುವ ತೀರ್ಪು ನಮ್ಮ ರಾಜ್ಯದ್ದೇ. ಉಡುಪಿಯ ಪುರಸಭೆಯು ವಸತಿ ಪ್ರದೇಶವೊಂದರಲ್ಲಿ ಕಲ್ಯಾಣ ಮಂಟಪಕ್ಕೆಂದು ಕೊಟ್ಟಿದ್ದ ಪರವಾನಗಿಯನ್ನು ಆಮೇಲೆ ಸಿನಿಮಾ ಮಂದಿರಕ್ಕೆ ಒಪ್ಪುವಂತೆ ಬದಲಿಸಿಕೊಟ್ಟಿತ್ತು. ಆ ಬೀದಿಯ ನಿವಾಸಿಯಾಗಿದ್ದ ಕೆ. ರಾಮದಾಸ ಶೆಣೈ ಅದನ್ನು ಪ್ರಶ್ನಿಸಿದರು. 1974ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ನಗರ ಯೋಜನೆಯನ್ನು ರೂಪಿಸುವುದು ಅಲ್ಲಿ ವಾಸಿಸುವವರ ಹಿತಕ್ಕಾಗಿ, ಆದ್ದರಿಂದ ಯೋಜನೆಗೆ ವಿರುದ್ಧವಾದ ಕಟ್ಟಡ ಎದ್ದಾಗ ಆ ಪ್ರದೇಶದ ನಿವಾಸಿಗಳ ಹಕ್ಕಿಗೇ ಧಕ್ಕೆಯಾಗುತ್ತದೆ ಎಂಬುದು ಅದರ ತಿರುಳು. ಕಟ್ಟಿದವನು ಎಷ್ಟು ಹಣ ಸುರಿದಿದ್ದಾನೆ ಎಂಬುದು ಕಾನೂನುಬಾಹಿರ ಪರವಾನಗಿಯನ್ನು ಸಕ್ರಮ ಮಾಡದು ಎಂಬುದೂ ಅದೇ ತೀರ್ಪಿನಿಂದ ಬರುವ ಪಾಠ. ಅರ್ಧ ಶತಮಾನ ಕಳೆದರೂ ಎದುರಿನವರು ಹಕ್ಕಿನ ತಕರಾರು ಎತ್ತಿದಾಗ ನಾನು ಮೊದಲು ತೆಗೆಯುವುದು ಈ ತೀರ್ಪನ್ನೇ.

ಎದುರು ವಕೀಲರು "ಇವರಿಗೆ ಲೋಕಸ್ ಇಲ್ಲ" ಅಂದರು. ಏನದು ಲೋಕಸ್?

ಲೋಕಸ್ ಸ್ಟ್ಯಾಂಡಿ ಎಂದರೆ ನ್ಯಾಯಾಲಯದ ಮುಂದೆ ನಿಂತು ಕೇಳುವ ಅರ್ಹತೆ. ಆದೇಶ ಸರಿಯೋ ತಪ್ಪೋ ಎಂಬುದಕ್ಕೂ ಮೊದಲು ನ್ಯಾಯಮೂರ್ತಿಗಳು "ಇದರಿಂದ ನಿಮಗೆ ಆದದ್ದೇನು?" ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಕೊಡಬಲ್ಲವನು ಬಾಧಿತ ವ್ಯಕ್ತಿ. ಉತ್ತರವು ಭಾಷಣವಾಗಿರದೆ ಸಂಗತಿಯಾಗಿರಬೇಕು. "ನಾನು ಸಮಾಜ ಸೇವಕ, ನಗರದ ಹಿತಚಿಂತಕ" ಎಂದು ಆರಂಭವಾಗುವ ಪ್ರಮಾಣಪತ್ರಕ್ಕಿಂತ, "ನನ್ನ ಮನೆಗೂ ಈ ಜಾಗಕ್ಕೂ ನಡುವೆ 30 ಅಡಿಯ ಒಂದೇ ರಸ್ತೆ ಇದೆ, ನಮ್ಮೆಲ್ಲರ ಮಳೆನೀರು ಹೋಗುವ ನಾಲೆಯ ಮೇಲೆ ಇವರು ಗೋಡೆ ಎಬ್ಬಿಸಿದ್ದಾರೆ" ಎಂಬ ಎರಡು ಸಾಲು ಹೆಚ್ಚು ತೂಗುತ್ತದೆ.

ಎಷ್ಟು ದೂರದೊಳಗೆ ಮನೆಯಿದ್ದರೆ ಹಕ್ಕು ಬರುತ್ತದೆ? ಇಷ್ಟು ಮೀಟರ್ ಅಂತ ಲೆಕ್ಕ ಇದೆಯೇ?

ಇಲ್ಲ. ಗೋಡೆಗೆ ಗೋಡೆ ಹಚ್ಚಿದವರಿಗೆ ವಿವರಣೆಯೇ ಬೇಕಾಗುವುದಿಲ್ಲ. ಅದೇ ರಸ್ತೆ, ಅದೇ ಚರಂಡಿ, ಅದೇ ಉದ್ಯಾನವನ್ನು ಬಳಸುವ ಕಾಲೊನಿಯವರು ಆ ಬಳಕೆಯನ್ನು ತೋರಿಸಬೇಕು. ಊರಿನ ಇನ್ನೊಂದು ತುದಿಯಲ್ಲಿರುವವರು ವೈಯಕ್ತಿಕ ಬಾಧೆಯ ದಾರಿಯನ್ನು ಬಿಟ್ಟು ಸಾರ್ವಜನಿಕ ಹಿತಾಸಕ್ತಿಯ ದಾರಿಯನ್ನು ನೋಡಬೇಕಾಗುತ್ತದೆ. ನಮ್ಮ ಕಡೆ ಇನ್ನೊಂದು ಸಂಗತಿಯಿದೆ. ಎರೆಮಣ್ಣಿನಲ್ಲಿ ನೀರು ಬೇಗ ಇಂಗುವುದಿಲ್ಲ, ಹಾಗಾಗಿ ಮೇಲ್ಭಾಗದ ಲೇಔಟಿನವರು ನಾಲೆ ತಿರುಗಿಸಿದರೆ ನಾಲ್ಕು ಓಣಿ ಕೆಳಗಿನವರ ಅಂಗಳದಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ. ಒಮ್ಮೆ ಮಳೆ ಬಿಟ್ಟ ಮರುದಿನ ಕಕ್ಷಿದಾರರೊಬ್ಬರ ಮನೆಗೆ ಹೋದಾಗ ಶಹಾಬಾದ ಕಲ್ಲಿನ ಕಂಪೌಂಡಿನ ಒಳಮೈ ಮೇಲೆ ನೀರು ನಿಂತಿದ್ದ ಕಂದು ಗೆರೆ ನೇರವಾಗಿ ಕಾಣುತ್ತಿತ್ತು. ಆ ಗೆರೆಗೆ ಟೇಪು ಹಿಡಿದು ತೆಗೆದ ಫೋಟೊವೇ ಅವರ ಲೋಕಸ್ ಆಯಿತು.

ನಾವು ಬಾಡಿಗೆಗೆ ಇರುವವರು. ಮಾಲೀಕರು ಬೆಂಗಳೂರಿನಲ್ಲಿದ್ದಾರೆ. ನಾವು ಸಹಿ ಹಾಕಬಹುದೇ?

ಹಾಕಬಹುದು. ಉಡುಪಿ ತೀರ್ಪು ನಿವಾಸಿಗಳ ಬಗ್ಗೆ ಮಾತನಾಡುತ್ತದೆ, ಖಾತೆದಾರರ ಬಗ್ಗೆ ಮಾತ್ರವಲ್ಲ. ಬಾಡಿಗೆ ಕರಾರು, ವಿದ್ಯುತ್ ಬಿಲ್ಲು, ಆಧಾರ್ ವಿಳಾಸ ಇಟ್ಟುಕೊಳ್ಳಿ. ಮಾಲೀಕರೊಬ್ಬರಾದರೂ ಜೊತೆಗಿದ್ದರೆ ಒಂದು ತಕರಾರು ಕಡಿಮೆಯಾಗುತ್ತದೆ.

"ಎನ್.ಎ. ಆಗಿದೆ, ಇನ್ನು ಯಾರೂ ಏನೂ ಮಾಡೋಕಾಗಲ್ಲ" ಅಂತ ಬಿಲ್ಡರ್ ಹೇಳ್ತಾರೆ. ನಿಜವೇ?

ನಿಜವಲ್ಲ, ಮತ್ತು ಇಲ್ಲಿಯೇ ಹೆಚ್ಚಿನವರು ದಾರಿ ತಪ್ಪುತ್ತಾರೆ. ಒಂದು ಹೊಲ ವಸತಿ ಕಟ್ಟಡವಾಗುವವರೆಗೆ ಬೇರೆ ಬೇರೆ ಕಾಯ್ದೆಗಳ ಅಡಿಯಲ್ಲಿ ಬೇರೆ ಬೇರೆ ಅಧಿಕಾರಿಗಳು ಆದೇಶ ಕೊಡುತ್ತಾರೆ. ಜನ ಎನ್.ಎ. ಎನ್ನುವುದು ಭೂ ಪರಿವರ್ತನೆಯನ್ನು. ಅದು ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 95ನೇ ಕಲಮಿನ ವಿಷಯ, ಜಿಲ್ಲಾಧಿಕಾರಿಗಳ ಕಚೇರಿಗೆ ಸೇರಿದ್ದು. ಮಹಾಯೋಜನೆಯಲ್ಲಿ, ಅಂದರೆ ಊರಿನ ಮಾಸ್ಟರ್ ಪ್ಲಾನಿನಲ್ಲಿ, ಆ ಜಾಗ ಯಾವ ವಲಯದಲ್ಲಿದೆ ಎಂಬುದು ಬೇರೆಯೇ ಪ್ರಶ್ನೆ. ಅದನ್ನು ಆಳುವುದು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961. ವಲಯ ಬದಲಿಸಬೇಕಾದರೆ ಆ ಕಾಯ್ದೆಯ 14-ಎ ಕಲಮಿನಂತೆ ಯೋಜನಾ ಪ್ರಾಧಿಕಾರವು ಸರ್ಕಾರದ ಪೂರ್ವಾನುಮೋದನೆ ಪಡೆಯಬೇಕು, ಬದಲಾವಣೆ ಸಾರ್ವಜನಿಕ ಹಿತದಲ್ಲಿರಬೇಕು, ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು. ಜಾಗವನ್ನು ಪ್ಲಾಟುಗಳಾಗಿ ವಿಂಗಡಿಸುವ ಲೇಔಟ್ ಮಂಜೂರಾತಿ 17ನೇ ಕಲಮಿನದು. ಕಟ್ಟಡದ ಪರವಾನಗಿಯನ್ನು ಕೊಡುವುದು ಸ್ಥಳೀಯ ಸಂಸ್ಥೆ. ಮಹಾನಗರ ಪಾಲಿಕೆಯಿರುವಲ್ಲಿ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ 1976ರ ಅಡಿಯಲ್ಲಿ, ಹಳ್ಳಿಯಲ್ಲಿ ಗ್ರಾಮ ಪಂಚಾಯತಿ.

ಇದರಲ್ಲಿ ಒಂದಿದ್ದರೆ ಇನ್ನೊಂದು ತಾನಾಗಿ ಸರಿಯಾಗುವುದಿಲ್ಲ. ಪರಿವರ್ತನೆ ಆಗಿದ್ದರೂ ಮಹಾಯೋಜನೆಯಲ್ಲಿ ಉದ್ಯಾನವೆಂದು ತೋರಿಸಿದ ಜಾಗದಲ್ಲಿ ಮನೆ ಕಟ್ಟುವಂತಿಲ್ಲ. ಹಾಗೆಯೇ ತಪ್ಪು ಆದೇಶವನ್ನು ಹಿಡಿದು ಹೋದರೆ ನಿಮ್ಮ ಅರ್ಜಿಯೂ ಬೀಳುತ್ತದೆ. ಕಟ್ಟಡ ಪರವಾನಗಿಯನ್ನು ಪ್ರಶ್ನಿಸಿ, ಅದಕ್ಕೆ ಬೇರಾಗಿರುವ ವಲಯ ಬದಲಾವಣೆಯ ಆದೇಶವನ್ನು ಮುಟ್ಟದೆ ಬಿಟ್ಟವರಿಗೆ "ಬೇರು ಬಿಟ್ಟು ಟೊಂಗೆ ಕಡಿಯುತ್ತಿದ್ದೀರಿ" ಎಂದು ಹೇಳಿ ವಾಪಸು ಕಳಿಸಿದ್ದೇನೆ.

## ತಯಾರಿಯ ಹಂತದಲ್ಲಿ ಕೇಳುವವು

ಪೇಪರಿನಲ್ಲಿ ಪ್ರಕಟಣೆ ಬಂದಿತ್ತಂತೆ, ನಾವ್ಯಾರೂ ನೋಡಲಿಲ್ಲ. ಆಕ್ಷೇಪಣೆ ಕೊಡದಿದ್ದರೆ ಹಕ್ಕು ಹೋದಂತೆಯೇ?

ಹಕ್ಕು ಹೋಗುವುದಿಲ್ಲ, ಆದರೆ ಕೈ ಬಲ ಕುಗ್ಗುತ್ತದೆ. ಒಳಪುಟದ ಕೆಳಗೆ, ಟೆಂಡರ್ ಜಾಹೀರಾತುಗಳ ನಡುವೆ, ಬರೀ ಗ್ರಾಮ, ಸರ್ವೆ ನಂಬರ್, ಎಕರೆ ಗುಂಟೆಗಳಿರುವ ಪ್ರಕಟಣೆಯನ್ನು ಯಾವ ಗೃಹಸ್ಥನೂ ಚಹಾ ಕುಡಿಯುತ್ತ ಓದುವುದಿಲ್ಲ ಎಂಬುದು ನ್ಯಾಯಾಲಯಕ್ಕೂ ಗೊತ್ತು. ಆದ್ದರಿಂದ ಪ್ರಕಟಣೆ ನಿಜಕ್ಕೂ ಆಯಿತೇ, ಆ ಪ್ರದೇಶದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲೇ ಆಯಿತೇ, ಜಾಗ ಗುರುತು ಹಿಡಿಯುವಷ್ಟು ವಿವರ ಇತ್ತೇ, ಬಂದ ಆಕ್ಷೇಪಣೆಗಳನ್ನು ಪರಿಗಣಿಸಿದರೇ ಎಂಬುದನ್ನು ಮೊದಲು ಪರಿಶೀಲಿಸಿ. ಇದರಲ್ಲಿ ಲೋಪವಿದ್ದರೆ ನೀವು ಆಕ್ಷೇಪಣೆ ಕೊಡದಿರುವುದೇ ನಿಮ್ಮ ವಾದವಾಗುತ್ತದೆ. ಪ್ರಕಟಣೆ ಸರಿಯಾಗಿದ್ದು ನೀವು ಸುಮ್ಮನಿದ್ದರೆ ಎದುರಿನವರು ಅದನ್ನು ಮೌನ ಸಮ್ಮತಿಯೆಂದು ವಾದಿಸುತ್ತಾರೆ. ಕಾಲೊನಿಯ ಒಬ್ಬ ನಿವೃತ್ತರಿಗೆ ಸುತ್ತಲಿನ ಸರ್ವೆ ನಂಬರುಗಳ ಪಟ್ಟಿ ಕೊಟ್ಟು ದಿನಾ ಪತ್ರಿಕೆ ನೋಡುವ ಕೆಲಸ ಒಪ್ಪಿಸಿ. ಇದಕ್ಕಿಂತ ಅಗ್ಗದ ಕಾವಲು ಇಲ್ಲ.

ನಮ್ಮ ಲೇಔಟಿನಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನೇ ಪ್ಲಾಟ್ ಮಾಡಿ ಮಾರಿದ್ದಾರೆ. ಪಾರ್ಕ್ ನಮ್ಮ ಹೆಸರಿನಲ್ಲಿಲ್ಲವಲ್ಲ, ನಾವು ಹೇಗೆ ಕೇಳುವುದು?

ನಿವಾಸಿಗಳ ಹಕ್ಕು ಅತ್ಯಂತ ಗಟ್ಟಿಯಾಗಿರುವುದು ಇಲ್ಲಿಯೇ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಕಾಯ್ದಿರಿಸಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಎಂಬ ಆ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳಿಗೆ ಪ್ರಶ್ನಿಸುವ ಹಕ್ಕಿದೆ ಎಂದಿತು, ಹಂಚಿಕೆಯೂ ಉಳಿಯಲಿಲ್ಲ. ಆಸ್ಪತ್ರೆಯೂ ಜನರಿಗೆ ಬೇಕಾದದ್ದೇ ಅಲ್ಲವೇ ಎಂಬ ವಾದ ಅಲ್ಲಿ ನಡೆಯಲಿಲ್ಲ. ಉದ್ಯಾನದ ಬೆಲೆಯನ್ನು ಇನ್ನೊಂದು ಒಳ್ಳೆಯ ಕೆಲಸದ ಹೆಸರಿನಲ್ಲಿ ಕಳೆಯಲಾಗದು. ಇದರ ಜೊತೆಗೆ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಸಂರಕ್ಷಣೆಗೆಂದೇ 1985ರ ರಾಜ್ಯ ಕಾಯ್ದೆಯೊಂದಿದೆ.

ಕೈಗೆ ಸಿಗಬೇಕಾದ ಮುಖ್ಯ ಕಾಗದ ಮೂಲ ಮಂಜೂರಾತಿ ನಕ್ಷೆ. ಪ್ಲಾಟ್ ಕೊಳ್ಳುವಾಗ ಕೊಟ್ಟ ಬಣ್ಣದ ಬ್ರೋಷರ್ ಅಲ್ಲ, ಪ್ರಾಧಿಕಾರದ ಮೊಹರು ಮತ್ತು ದಿನಾಂಕವಿರುವ ಪ್ರತಿ. ಲೇಔಟಿನ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗಗಳನ್ನು ಪ್ರಾಧಿಕಾರಕ್ಕೆ ಉಚಿತವಾಗಿ ಬಿಟ್ಟುಕೊಟ್ಟ ನೋಂದಾಯಿತ ಪತ್ರವೂ ಬೇಕು. ಬಿಟ್ಟುಕೊಟ್ಟ ಮೇಲೆ ಮಾರುವುದಕ್ಕೆ ಅವರ ಬಳಿ ಉಳಿದಿದ್ದೇನು? ಒಂದು ಪ್ರಕರಣದಲ್ಲಿ ಎರಡು ನಕ್ಷೆಗಳನ್ನು ಕಿಟಕಿಯ ಗಾಜಿಗೆ ಒಂದರ ಮೇಲೊಂದು ಹಿಡಿದು ನೋಡಿದೆವು. ಹಳೆಯದರಲ್ಲಿ ಹಸಿರು ಬಣ್ಣ ಬಳಿದಿದ್ದ ಚೌಕ, ಹೊಸದರಲ್ಲಿ ಹನ್ನೊಂದು ಪ್ಲಾಟುಗಳಾಗಿತ್ತು, ಉಳಿದ ಪ್ರತಿಯೊಂದು ಗೆರೆಯೂ ಕೂದಲೆಳೆ ತಪ್ಪದೆ ಕೂಡಿಕೊಂಡಿತ್ತು. ತಿದ್ದುಪಡಿ ನಕ್ಷೆಗೆ ಆಧಾರವಾದ ಆದೇಶ ಕಡತದಲ್ಲಿ ಇರಲೇ ಇಲ್ಲ.

ಕಡತ ತೋರಿಸಿ ಅಂದರೆ "ನಿಮಗೇನು ಸಂಬಂಧ" ಅಂತಾರೆ. ಕಾಗದ ಹೇಗೆ ತೆಗೆಸುವುದು?

ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಆ ಪ್ರಶ್ನೆಗೆ ಜಾಗವೇ ಇಲ್ಲ. ಅರ್ಜಿದಾರ ಕಾರಣ ಹೇಳಬೇಕಿಲ್ಲ. 10 ರೂಪಾಯಿ ಶುಲ್ಕ, 30 ದಿನಗಳ ಗಡುವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಅದು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಆದ್ದರಿಂದ ಗೋಳು ತೋಡಿಕೊಳ್ಳದೆ ಸರ್ವೆ ನಂಬರ್ ಹಾಕಿ ಮಂಜೂರಾತಿ ಆದೇಶ, ನಕ್ಷೆ, ಟಿಪ್ಪಣಿ ಹಾಳೆಗಳು, ಸ್ಥಳ ಪರಿಶೀಲನಾ ವರದಿ ಎಂದಷ್ಟೇ ಬರೆಯಿರಿ. ಟಿಪ್ಪಣಿ ಹಾಳೆಗಳನ್ನು ಮರೆಯಬೇಡಿ. ಆದೇಶದಲ್ಲಿ ಕಾಣದ ಸಂಗತಿ ಕೆಳದರ್ಜೆಯ ನೌಕರನೊಬ್ಬ ಅಂಜುತ್ತಂಜುತ್ತ ಬರೆದ ಷರಾದಲ್ಲಿ ಸಿಕ್ಕ ಉದಾಹರಣೆಗಳಿವೆ. ಯೋಜನೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾಗಿದ್ದರೆ ಮಂಜೂರಾದ ನಕ್ಷೆ ಅದರ ಜಾಲತಾಣದಲ್ಲೇ ಸಿಗುವ ಸಂಭವವಿದೆ; ಅದನ್ನು ಮೊದಲು ನೋಡಿ.

ಸಂಘದ ಹೆಸರಿನಲ್ಲಿ ಹೋಗುವುದು ಚೆಂದವೋ, ಒಬ್ಬೊಬ್ಬರೇ ಹೋಗುವುದು ಚೆಂದವೋ?

ಎರಡೂ ಸೇರಿರಲಿ. ನೋಂದಾಯಿತ ನಿವಾಸಿಗಳ ಸಂಘಕ್ಕೆ ದನಿ ದೊಡ್ಡದು. ನೋಯ್ಡಾದ ಎಮರಾಲ್ಡ್ ಕೋರ್ಟ್ ನಿವಾಸಿಗಳ ಸಂಘ ನಡೆಸಿದ ಹೋರಾಟದಲ್ಲಿ 2021ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಅವಳಿ ಗೋಪುರಗಳನ್ನು ಕೆಡವಲು ಆದೇಶಿಸಿತು, ಮರುವರ್ಷ ಅವು ನೆಲಸಮವೂ ಆದವು. ಆದರೆ ಸಂಘ ನೋಂದಣಿ ನವೀಕರಿಸಿಲ್ಲ, ಠರಾವು ಇಲ್ಲ, ಸಹಿ ಹಾಕಿದ ಕಾರ್ಯದರ್ಶಿಯ ಅವಧಿ ಮುಗಿದಿದೆ ಎಂಬ ತಕರಾರುಗಳಲ್ಲಿ ಆರು ತಿಂಗಳು ಕಳೆಯುವುದೂ ಉಂಟು. ಆದ್ದರಿಂದ ದಾವೆ ಹೂಡುವ ಅಧಿಕಾರ ಕೊಟ್ಟ ಠರಾವಿನ ಪ್ರತಿಯೊಂದಿಗೆ ಸಂಘ ಮೊದಲ ಅರ್ಜಿದಾರ, ನೇರವಾಗಿ ಬಾಧಿತರಾದ ಇಬ್ಬರು ಮೂವರು ಮನೆಯವರು ನಂತರದ ಅರ್ಜಿದಾರರು ಎಂದು ಮಾಡಿಕೊಳ್ಳುವುದು ಕ್ಷೇಮ. ಅರ್ಜಿದಾರರಲ್ಲಿ ಒಬ್ಬರನ್ನು ಬಿಲ್ಡರ್ ಒಲಿಸಿಕೊಂಡರೂ ಪ್ರಕರಣ ಮುಂದುವರಿಯುತ್ತದೆ.

ಪಿಐಎಲ್ ಹಾಕಿದರೆ ಈ ಲೋಕಸ್ ತಂಟೆಯೇ ಇರುವುದಿಲ್ಲ ಅಲ್ಲವೇ?

ಒಂದು ತಂಟೆ ತಪ್ಪಿಸಿ ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತೀರಿ. ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ವೈಯಕ್ತಿಕ ಬಾಧೆ ತೋರಿಸಬೇಕಿಲ್ಲ ಎನ್ನುವುದು ಸರಿ, ಆದರೆ ವೈಯಕ್ತಿಕ ಲಾಭವಿಲ್ಲ ಎಂದು ತೋರಿಸಬೇಕು. ಸುಪ್ರೀಂ ಕೋರ್ಟಿನ 2010ರ ಬಲವಂತ್ ಸಿಂಗ್ ಚೌಫಾಲ್ ತೀರ್ಪಿನ ನಂತರ ಹೈಕೋರ್ಟುಗಳು ಅರ್ಜಿದಾರನ ಹಿನ್ನೆಲೆ, ಉದ್ದೇಶಗಳನ್ನು ಮೊದಲೇ ಜಾಲಾಡುತ್ತವೆ. ಗೋಡೆ ಪಕ್ಕದ ಮನೆಯವರು "ನನಗೆ ಸ್ವಂತ ಹಿತವಿಲ್ಲ" ಎಂದು ಪ್ರಮಾಣ ಮಾಡುವುದಾದರೂ ಹೇಗೆ? ಅವರಿಗೆ ಸಾಮಾನ್ಯ ರಿಟ್ ಅರ್ಜಿಯೇ (ಅಧಿಕಾರಿಗಳ ಆದೇಶವನ್ನು ಪ್ರಶ್ನಿಸಿ ನೇರವಾಗಿ ಹೈಕೋರ್ಟಿಗೆ ಹಾಕುವ ಅರ್ಜಿ) ಸರಿ. ಕೆರೆ, ರಾಜಕಾಲುವೆ, ಇಡೀ ಊರಿನ ಮೈದಾನದಂಥ ವಿಷಯಕ್ಕೆ ಪಿಐಎಲ್ ಇರಲಿ.

## ಆಳಕ್ಕಿಳಿದವರು ಕೇಳುವವು

ಸಿವಿಲ್ ಕೋರ್ಟಿಗೋ, ಹೈಕೋರ್ಟಿಗೋ?

ನೀವು ಪ್ರಶ್ನಿಸುತ್ತಿರುವುದು ಪ್ರಾಧಿಕಾರದ ಆದೇಶವನ್ನಾದರೆ ಸಂವಿಧಾನದ 226ನೇ ವಿಧಿಯ ರಿಟ್ ಅರ್ಜಿ. ಅದಕ್ಕಾಗಿ ಬೆಂಗಳೂರಿಗೆ ಹೋಗಬೇಕಾಗಿಲ್ಲ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದ ಕಲಬುರಗಿ ಪೀಠಕ್ಕೆ ಬೀದರ, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳೂ ಸೇರಿವೆ. ಆದೇಶ ಸರಿಯಿದ್ದು ಬಿಲ್ಡರ್ ಅದನ್ನು ಮೀರಿ ಕಟ್ಟುತ್ತಿದ್ದರೆ, ಅಥವಾ ನಿಮ್ಮ ದಾರಿ, ಗಾಳಿ ಬೆಳಕಿನ ಹಕ್ಕು, ಗಡಿಯ ವಿಷಯವಾದರೆ ಸಿವಿಲ್ ದಾವೆ ಸೂಕ್ತ. ಅಲ್ಲಿ ಸಾಕ್ಷ್ಯ ನಡೆಯುತ್ತದೆ, ನ್ಯಾಯಾಲಯ ನೇಮಿಸಿದ ಕಮಿಷನರ್ ಸ್ಥಳಕ್ಕೆ ಬಂದು ಅಳೆಯುತ್ತಾರೆ. ಅನೇಕರ ಪರವಾಗಿ ಒಬ್ಬರು ಹೂಡುವ ಪ್ರಾತಿನಿಧಿಕ ದಾವೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 1 ನಿಯಮ 8ರಲ್ಲಿ ಅವಕಾಶವಿದೆ. ಸಾರ್ವಜನಿಕ ಉಪದ್ರವವಾದರೆ 91ನೇ ಕಲಮಿನಂತೆ ನ್ಯಾಯಾಲಯದ ಅನುಮತಿ ಪಡೆದು ಇಬ್ಬರು ಅಥವಾ ಹೆಚ್ಚು ಜನ ದಾವೆ ಹೂಡಬಹುದು. ಸರ್ಕಾರವನ್ನು ಪ್ರತಿವಾದಿ ಮಾಡುವಾಗ 80ನೇ ಕಲಮಿನ ಎರಡು ತಿಂಗಳ ನೋಟಿಸ್ ನೆನಪಿರಲಿ. ತುರ್ತಿದ್ದರೆ ನ್ಯಾಯಾಲಯದ ಅನುಮತಿಯಿಂದ ಅದಿಲ್ಲದೆಯೂ ಹೂಡಬಹುದು.

ರಿಟ್ ಅರ್ಜಿಗೆ ಮುಂಚೆ ಪ್ರಾಧಿಕಾರಕ್ಕೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಕರ್ತವ್ಯ ಮಾಡಿ ಎಂದು ನೀವು ಕೇಳಲೇ ಇಲ್ಲವಾದರೆ, ಮಾಡಿಸಿ ಎಂದು ಹೈಕೋರ್ಟನ್ನು ಕೇಳಲಾಗದು.

ಬೀದರ ಕೋಟೆಯ ಹತ್ತಿರ ಕಟ್ಟುತ್ತಿದ್ದಾರೆ. ನಮ್ಮ ವಾರ್ಡಿನವರಿಗೆ ಬೇರೆ ಯಾವುದಾದರೂ ಆಧಾರ ಇದೆಯೇ?

ಇದೆ. ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶ. ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯಿಂದ ಇದು ಇನ್ನಷ್ಟು ಬಿಗಿಯಾಗಿದೆ. ಕಲಬುರಗಿ ಕೋಟೆಗೂ ಇದೇ ನಿಯಮ. ಸ್ಥಳೀಯ ಪರವಾನಗಿ ಇದ್ದ ಮಾತ್ರಕ್ಕೆ ಈ ನಿರ್ಬಂಧ ತಪ್ಪುವುದಿಲ್ಲ. ಇನ್ನು ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ಅಥವಾ ಹೆಚ್ಚಿದ್ದರೆ 2006ರ ಅಧಿಸೂಚನೆಯಂತೆ ಪರಿಸರ ಅನುಮತಿ ಬೇಕು, ಅದರ ವಿರುದ್ಧ ಬಾಧಿತ ವ್ಯಕ್ತಿ ಚೆನ್ನೈನ ಹಸಿರು ನ್ಯಾಯಮಂಡಳಿ ಪೀಠಕ್ಕೆ ಮೇಲ್ಮನವಿ ಹೋಗಬಹುದು. ಗಡುವು 30 ದಿನ. ಸಕಾರಣವಿದ್ದರೆ ಇನ್ನು 60 ದಿನ, ಅದರಾಚೆ ಬಾಗಿಲು ಮುಚ್ಚಿದಂತೆ.

ರೇರಾಗೆ ದೂರು ಕೊಟ್ಟರೆ ಮಂಜೂರಾತಿ ರದ್ದಾಗುತ್ತದೆಯೇ?

ಆಗುವುದಿಲ್ಲ. 2016ರ ಆ ಕಾಯ್ದೆ ಮುಖ್ಯವಾಗಿ ಕೊಂಡವರಿಗೂ ಪ್ರವರ್ತಕರಿಗೂ (ಬಿಲ್ಡರಿಗೂ) ನಡುವಿನದು. ಆದರೆ ನೀವು ಅದೇ ಯೋಜನೆಯಲ್ಲಿ ಪ್ಲಾಟ್ ಅಥವಾ ಫ್ಲಾಟ್ ಕೊಂಡವರಾಗಿದ್ದು, ನಿಮ್ಮನ್ನು ಕೇಳದೆ ಲೇಔಟ್ ನಕ್ಷೆ ಬದಲಿಸಿದ್ದರೆ 14ನೇ ಕಲಂ ನಿಮ್ಮ ಕೈಯಲ್ಲಿದೆ: ಮೂರನೇ ಎರಡರಷ್ಟು ಹಂಚಿಕೆದಾರರ ಲಿಖಿತ ಒಪ್ಪಿಗೆ ಬೇಕು.

ಯಾವ ಕಾರಣಗಳು ಕೋರ್ಟಿನಲ್ಲಿ ನಿಲ್ಲುವುದಿಲ್ಲ?

ಕಿಟಕಿಯಿಂದ ಕಾಣುತ್ತಿದ್ದ ಹೊಲ ಮರೆಯಾಯಿತು, ನಮ್ಮ ಪ್ಲಾಟಿನ ಬೆಲೆ ಇಳಿಯುತ್ತದೆ ಎಂಬಷ್ಟಕ್ಕೇ ನಿಂತ ಅರ್ಜಿಗಳು ಮುಂದೆ ಹೋಗುವುದಿಲ್ಲ. ನಿಯಮ ಮುರಿದದ್ದನ್ನು ತೋರಿಸಬೇಕು. ಪೈಪೋಟಿಯ ಕಾರಣವೂ ನಡೆಯದು. ತನ್ನ ಸಿನಿಮಾ ಮಂದಿರದ ವ್ಯಾಪಾರ ಕುಸಿಯುತ್ತದೆಂದು ಹೊಸ ಮಂದಿರಕ್ಕೆ ಅಡ್ಡ ಬಂದವನನ್ನು ಜಸಭಾಯಿ ಮೋತಿಭಾಯಿ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಾಧಿತ ವ್ಯಕ್ತಿಯೆಂದು ಒಪ್ಪಲಿಲ್ಲ. ಪಕ್ಕದ ಲೇಔಟಿನ ಮಾಲೀಕರು ನಿವಾಸಿಗಳ ಮುಖವಾಡ ಹಾಕಿಕೊಂಡು ಬಂದಾಗ ಈ ತೀರ್ಪು ನೆನಪಾಗುತ್ತದೆ. ಇನ್ನು ಕೆಲವರು ದನಿ ತಗ್ಗಿಸಿ, ಅಲ್ಲಿ ಎಂಥವರು ಬಂದು ವಾಸ ಮಾಡುತ್ತಾರೋ ಎನ್ನುತ್ತಾರೆ. ಆಶ್ರಯ ಮನೆಗಳ ವಿಷಯದಲ್ಲಂತೂ ಇದನ್ನು ಬಹಳ ಸಲ ಕೇಳಿದ್ದೇನೆ. ಅದು ಕಾನೂನಿನ ಕಾರಣವಲ್ಲ, ನಾನು ಅದನ್ನು ಅರ್ಜಿಯಲ್ಲಿ ಬರೆಯುವುದೂ ಇಲ್ಲ. ಮನೆ ಕಟ್ಟುವುದನ್ನೇ ತಡೆಯಲು ಈ ಹಕ್ಕು ಇರುವುದಲ್ಲ.

ಕಟ್ಟಡ ಮೂರು ಅಂತಸ್ತು ಎದ್ದಿದೆ. ಈಗ ಹೋದರೆ ಪ್ರಯೋಜನವಿದೆಯೇ?

ರಿಟ್ ಅರ್ಜಿಗೆ ದಿನಗಳ ಲೆಕ್ಕದ ಗಡುವಿಲ್ಲ, ಆದರೆ ಅನುಚಿತ ವಿಳಂಬವನ್ನು ನ್ಯಾಯಾಲಯ ಕ್ಷಮಿಸುವುದಿಲ್ಲ. ಪಾಯ ತೋಡುವಾಗ ಬಂದವರಿಗೆ ತಡೆಯಾಜ್ಞೆ ಸಿಗುವ ಸಂಭವ, ಸ್ಲ್ಯಾಬ್ ಬಿದ್ದ ಮೇಲೆ ಬಂದವರಿಗೆ ಸಿಗುವ ಸಂಭವಕ್ಕಿಂತ ಎಷ್ಟೋ ಹೆಚ್ಚು. ಆದೇಶದ ಸುದ್ದಿ ನಿಮಗೆ ಯಾವ ದಿನ ತಿಳಿಯಿತು, ಅಂದಿನಿಂದ ಇಂದಿನವರೆಗೆ ಏನು ಮಾಡಿದಿರಿ ಎಂಬುದನ್ನು ತಾರೀಖುವಾರು ಬರೆದಿಡಿ: ಮಾಹಿತಿ ಹಕ್ಕಿನ ಅರ್ಜಿ, ಮನವಿ, ನೆನಪೋಲೆ. ಅದು ವಿಳಂಬದ ಆರೋಪಕ್ಕೆ ಉತ್ತರ. ವಾರಕ್ಕೊಮ್ಮೆ ಒಂದೇ ಜಾಗದಲ್ಲಿ ನಿಂತು ಫೋಟೊ ತೆಗೆಯಿರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಂತೆ ಎಲೆಕ್ಟ್ರಾನಿಕ್ ದಾಖಲೆಗೆ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕಾದ್ದರಿಂದ ಮೂಲ ಫೋನನ್ನು ಮಾರಿಬಿಡಬೇಡಿ. ಬಿಲ್ಡರ್ ಮೊದಲೇ ಕೇವಿಯಟ್ ಹಾಕಿರುವುದು ಸಾಮಾನ್ಯ, ಅದರ ಪ್ರತಿ ಅಂಚೆಯಲ್ಲಿ ಬಂದರೆ ಹೆದರಬೇಕಿಲ್ಲ. ಅವರನ್ನು ಕೇಳದೆ ಮಧ್ಯಂತರ ಆದೇಶ ಸಿಗುವುದಿಲ್ಲ ಎಂಬುದಷ್ಟೇ ಅದರ ಅರ್ಥ.

ಯಾರನ್ನೆಲ್ಲ ಪ್ರತಿವಾದಿ ಮಾಡಬೇಕು?

ಆದೇಶ ಕೊಟ್ಟ ಪ್ರಾಧಿಕಾರ, ಅನುಮೋದಿಸಿದ ಸರ್ಕಾರ, ಸ್ಥಳೀಯ ಸಂಸ್ಥೆ, ಮತ್ತು ಮರೆಯದೆ ಬಿಲ್ಡರ್. ಆದೇಶ ಬಿದ್ದರೆ ಯಾರಿಗೆ ನಷ್ಟವೋ ಅವರನ್ನು ಬಿಟ್ಟು ನಡೆಸಿದ ಅರ್ಜಿ ನಿಲ್ಲದು ಎಂದು ಸುಪ್ರೀಂ ಕೋರ್ಟಿನ 1963ರ ಉದಿತ್ ನಾರಾಯಣ ಸಿಂಗ್ ತೀರ್ಪಿನಿಂದ ಸ್ಥಾಪಿತವಾಗಿದೆ. ಪ್ಲಾಟುಗಳು ಮಾರಾಟವಾಗಿದ್ದರೆ ಕೊಂಡವರೂ ಬರಬೇಕು, ಬೇಗ ಬರಬೇಕೆನ್ನಲು ಇದೂ ಒಂದು ಕಾರಣ.

ವಕೀಲರ ಫೀಸು ಕೊಡುವ ಶಕ್ತಿ ನಮಗಿಲ್ಲ.

ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರಂತೆ ಉಚಿತ ನೆರವಿಗೆ ಅರ್ಹರು. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ವಿಚಾರಿಸಿ.

ಗೆದ್ದರೆ ಕಟ್ಟಡ ಕೆಡವುತ್ತಾರೆಯೇ?

ಹೆಚ್ಚಿನ ಸಲ ಇಲ್ಲ. ನೋಯ್ಡಾದ ಗೋಪುರಗಳ ಚಿತ್ರ ನೋಡಿ ಬಂದವರಿಗೆ ಇದು ನಿರಾಶೆ ತರುತ್ತದೆ. ಸಾಮಾನ್ಯವಾಗಿ ಆಗುವುದೇನೆಂದರೆ, ಮಂಜೂರಾತಿ ಆದೇಶ ರದ್ದಾಗಿ ವಿಷಯ ಪ್ರಾಧಿಕಾರಕ್ಕೆ ಮರಳುತ್ತದೆ, ನಿಮ್ಮ ಆಕ್ಷೇಪಣೆ ಕೇಳಿ ಹೊಸದಾಗಿ ತೀರ್ಮಾನಿಸಿ ಎಂಬ ನಿರ್ದೇಶನ ಬರುತ್ತದೆ. ಆಗ ನಾಲೆ ಬಿಟ್ಟು ಕಟ್ಟುವುದು, ಒಂದೆರಡು ಅಂತಸ್ತು ಕಡಿಮೆ ಮಾಡುವುದು, ಉದ್ಯಾನದ ಜಾಗ ತೆರವುಗೊಳಿಸುವುದು ಇಂಥವು ಸಾಧ್ಯವಾಗುತ್ತವೆ. ಪರವಾನಗಿಗೆ ವಿರುದ್ಧವಾಗಿ ಕಟ್ಟಿದ ಭಾಗದ ಮೇಲೆ ಪಾಲಿಕೆ ಕಾಯ್ದೆಯ 321ನೇ ಕಲಮಿನಂತೆ ಕ್ರಮ ಕೈಗೊಳ್ಳುವ ಹೊಣೆ ಪಾಲಿಕೆ ಆಯುಕ್ತರದು. ಮರಳಿ ಬಂದ ವಿಷಯದ ವಿಚಾರಣೆಗೆ ನೋಟಿಸ್ ಬಂದ ದಿನ ಕಾಲೊನಿಯಿಂದ ಯಾರೂ ಹೋಗದೆ ಅದೇ ಮಂಜೂರಾತಿ ಹೊಸ ತಾರೀಖಿನಲ್ಲಿ ಮತ್ತೆ ಹೊರಬಿದ್ದದ್ದನ್ನು ನೋಡಿದ್ದೇನೆ. ಅಂದು ಕಾಲೊನಿಯಲ್ಲೊಂದು ಮದುವೆಯಿತ್ತಂತೆ.